ಬೇವಿನ ಗಿಡ ಸಮೇತ

“ಇದೇನ್ರಿ, ಕಥಿ ಬರದೀರೋ, ಖರೀದಿ ಪತ್ರ ಬರದೀರೋ?”

ಎರಡನೇ ಪುಟಕ್ಕೇ ಕನ್ನಡಕ ತೆಗೆದಿಟ್ಟು ನನ್ನ ಹೆಂಡತಿ ಕೇಳಿದಳು. ಸಿಟ್ಟು ಬಂತು. ನೋಟ್‌ಬುಕ್ ಕಿತ್ತುಕೊಂಡು ಓದಿದೆ. ಅವಳದೇನೂ ತಪ್ಪಿರಲಿಲ್ಲ. ಕಥೆಯ ಹೆಣ್ಣುಮಗಳ ಮನೆಯನ್ನು ಹೀಗೆ ಬರೆದಿದ್ದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಾವಿ, ಉತ್ತರಕ್ಕೆ ದೊಡ್ಡಪ್ಪನ ಮನೆ, ದಕ್ಷಿಣಕ್ಕೆ ಖಾಲಿ ಜಾಗ. ಅಪ್ಪಟ ಚೆಕ್ಕುಬಂದಿ! ಮುಂದಿನ ಸಾಲು “ಸದರಿ ಮನೆಯಲ್ಲಿ” ಎಂದು ಶುರುವಾಗಿತ್ತು.

ಏನು ಮಾಡಲಿ, 35 ವರ್ಷದ ಚಟ. ರಾಯಚೂರಿನಲ್ಲಿ ನೋಂದಣಿ ಕಚೇರಿ ಎದುರು ಕೂತು ಪತ್ರ ಬರೆಯುವವನು ನಾನು. ಜನ ಬಾಂಡ್ ರೈಟರ್ ಅನ್ನುತ್ತಾರೆ. ಖರೀದಿ ಪತ್ರ, ದಾನ ಪತ್ರ, ವಿಭಾಗ ಪತ್ರ, ಮೃತ್ಯುಪತ್ರ ಎಲ್ಲ ಬರೆದಿದ್ದೇನೆ. ಅಷ್ಟು ಬರೆದರೂ ನನ್ನ ಹೆಸರು ಬರುವುದು ಕೊನೆಯ ಪುಟದ ತಳದಲ್ಲಿ, ಬಿಕ್ಕಲಂ, ಅಂದರೆ ಬರೆದವನು, ಅನ್ನುವ ಪದದ ಪಕ್ಕ ಮಾತ್ರ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದು ಅರ್ಜಿ, ದಾಖಲೆ, ಶುಲ್ಕ ಎಲ್ಲ ಆನ್‌ಲೈನ್ ಆದ ಮೇಲೆ ನನ್ನ ಬೆಂಚು ಖಾಲಿ ಬೀಳತೊಡಗಿತು. ಸುಮ್ನೆ ಕೂತು ಕೂತು ಬೇಜಾರಾಗಿ, 61ನೇ ವಯಸ್ಸಿಗೆ ಇನ್ನೂರು ಪುಟದ ನೋಟ್‌ಬುಕ್ ತಂದೆ.

ಬರೆಯಬೇಕಾದ ಕಥೆ ಮಾತ್ರ ಬಹಳ ವರ್ಷದಿಂದ ತಲೆಯಲ್ಲಿತ್ತು.

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತಾಯಿತು. ಪಾಲು ಕೊಟ್ಟವರು ನನ್ನ ಬೆಂಚಿಗೆ ಬಂದದ್ದು ಕಡಿಮೆ. ಅಕ್ಕತಂಗಿಯರನ್ನು ಕರೆತಂದು ಹಕ್ಕು ಬಿಡುಗಡೆ ಪತ್ರ ಬರೆಸುವವರು ಜಾಸ್ತಿಯಾದರು. ಅಂಥದ್ದೊಂದು ದಿನ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅಣ್ಣಂದಿರು ಇಬ್ಬರೂ ಚಹಾ ಕುಡಿಯಲು ಹೋಗಿದ್ದರು. ಪತ್ರ ಓದಿ ಹೇಳಿದೆ. “ಸ್ವಇಚ್ಛೆಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ” ಅನ್ನುವ ಸಾಲಿಗೆ ಅವಳು ಏನೂ ಅನ್ನಲಿಲ್ಲ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿನ ಒಳಬದಿಗೆ ಒರೆಸಿಕೊಳ್ಳುತ್ತಾ ಕೇಳಿದಳು:

“ಅಣ್ಣಾರ, ಹೊಲದಾಗ ಒಂದು ಬೇವಿನ ಗಿಡ ಐತ್ರಿ. ನಮ್ಮಪ್ಪ, ನಾನು ಕೂಡಿ ಹಚ್ಚಿದ್ದು. ಅದೂ ಹೋಯ್ತೇನ್ರಿ?”

“ಗಿಡಗಂಟಿ ಸಮೇತ ಅಂತ ಬರದೀನವ್ವ” ಅಂದೆ. ಮುಂದಿನ ಪುಟ ತಿರುವಿ, ಇಲ್ಲೊಂದು ಹೆಬ್ಬೆಟ್ಟು ಅಂತ ತೋರಿಸಿದೆ.

ಅಷ್ಟೇ ನಡೆದದ್ದು. ಅಷ್ಟನ್ನು ಕಥೆ ಮಾಡಲು ಹೋದರೆ ಕೈ ತಾನಾಗಿ ಪತ್ರ ಬರೆಯುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ಮಾತಿಗೆ ಒಂದೇ ಅರ್ಥ ಇರಬೇಕು, ನಾಳೆ ಕೋರ್ಟಿನಲ್ಲಿ ಎಳೆದಾಡಬಾರದು. ಅದಕ್ಕೇ ಅವಳು ಅತ್ತಳು ಅಂತ ಬರೆದರೆ, ಯಾಕೆ ಅತ್ತಳು ಅಂತಲೂ ಮೂರು ಸಾಲು ಬರೆದು ಮುಚ್ಚಿಬಿಡುತ್ತಿದ್ದೆ. ನಿಜವಾಗಿ ಅವಳು ಅತ್ತೇ ಇರಲಿಲ್ಲ.

ಹೆಂಡತಿ ನಕ್ಕ ಆ ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಮೇ ತಿಂಗಳು, ಕರೆಂಟೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಕೋಟೆ ಕಡೆ ನಡೆದೆ. ಗೋಡೆಯಲ್ಲಿ 1294ರ ಶಾಸನದ ಕಲ್ಲಿದೆ, 41 ಅಡಿಗೂ ಉದ್ದ. ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಅಂತ ತೆಲುಗಿನಲ್ಲಿ ಕೆತ್ತಿದ್ದಾರೆ. ಅದೂ ಒಂದು ಪತ್ರವೇ, ಯಾರು ಕಟ್ಟಿಸಿದರು, ಯಾವಾಗ ಅಂತ. ಆದರೆ ಅದೇ ಗೋಡೆಯಲ್ಲಿ ಒಂದು ಚಿತ್ರವೂ ಇದೆ. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿದ್ದಾರೆ, ಎಳೆಯಲು ಜಾನುವಾರುಗಳ ಉದ್ದ ಸಾಲು, ಜೊತೆಗೆ ಆಳುಗಳು. ಹುಡುಗನಾಗಿದ್ದಾಗಿಂದ ನೋಡಿದ್ದೇ. ಅವತ್ತು ಮಾತ್ರ ಅಕ್ಷರ ಬಿಟ್ಟು ಆ ಆಳುಗಳನ್ನೇ ನೋಡುತ್ತಾ ನಿಂತೆ. ಅವರ ಹೆಸರು ಎಲ್ಲೂ ಇಲ್ಲ, ಮೈ ಮಾತ್ರ ಇದೆ.

ಮನೆಗೆ ಬಂದು ಮೇಣದಬತ್ತಿ ಹಚ್ಚಿ ಮತ್ತೆ ಶುರು ಮಾಡಿದೆ. ಚೆಕ್ಕುಬಂದಿ ಹೊಡೆದು ಹಾಕಿದೆ. ಅಳುವುದನ್ನೂ ಹೊಡೆದೆ. ಸೆರಗಿನ ಒಳಬದಿಗೆ ಒರೆಸಿದ ಮಸಿಯಿಂದ ಶುರು ಮಾಡಿದೆ. ರಾತ್ರಿ ಹನ್ನೊಂದಾದರೂ ನಾಲ್ಕೇ ಪುಟ. ಪತ್ರವಾಗಿದ್ದರೆ ಅಷ್ಟರಲ್ಲಿ ಮೂರು ಮುಗಿಸುತ್ತಿದ್ದೆ.

ಬೆಳಿಗ್ಗೆ ಹೆಂಡತಿ ರೊಟ್ಟಿ ಬಡಿಯುವುದು ಮುಗಿಸಿ, ಕೈ ಒರೆಸಿಕೊಂಡು ಓದಿದಳು. ಈ ಸಲ ಕನ್ನಡಕ ತೆಗೆಯಲಿಲ್ಲ. ನಾಲ್ಕೂ ಪುಟ ಓದಿ, ಮತ್ತೆ ಮೂರನೆಯದಕ್ಕೆ ಹೋದಳು.

“ಬೇವಿನ ಗಿಡ ಹೊಲದ ನಟ್ಟನಡುವ ಇಟ್ಟೀರಲ್ರಿ. ನೆಳ್ಳಿಗೆ ಹತ್ತಿ ಬರತೈತೇನು? ಯಾವ ಅಪ್ಪ ಅಲ್ಲಿ ಹಚ್ಚತಾನ? ಬದುವಿಗೆ ಹಾಕ್ರಿ.”

ಒಕ್ಕಲುತನದ ಮನೆಯವಳು, ಅವಳಿಗೆ ಗೊತ್ತು. ಪೆನ್ನು ತಗೊಂಡು ಗಿಡವನ್ನು ಬದುವಿಗೆ ತಂದೆ. ತಂದ ಮೇಲೆ ಒಳಗಿನ ಬಾಂಡ್ ರೈಟರ್ ಎದ್ದು ಕೂತ. ಬದುವಿನ ಮೇಲಿನ ಗಿಡ ಅಂದರೆ ಪಕ್ಕದ ಸರ್ವೆ ನಂಬರಿನವನೂ ಅರ್ಧ ನನ್ನದು ಅಂತಾನೆ, ಅಲ್ವಾ? ಅಣ್ಣಂದಿರು ಕಡಿಯಲು ಬಂದರೆ ಅವನು ಬಿಡುತ್ತಾನಾ?

ಅಲ್ಲಿಯವರೆಗೆ ಕಥೆಯಲ್ಲಿ ಅವನು ಇರಲೇ ಇಲ್ಲ. ಐದನೇ ಪುಟ ತೆಗೆದು ಅವನಿಗೊಂದು ಹೆಸರು ಹುಡುಕುತ್ತಾ ಕೂತೆ. ರೊಟ್ಟಿ ತಣ್ಣಗಾಯಿತು ಅಂತ ಎರಡು ಸಲ ಕೂಗಿದಳಂತೆ.