ಫಾಂಡೆಂಟ್‌ಗೆ ಮನೆಯ ಲಟ್ಟಣಿಗೆ ಸಾಲದು

ಮಲ್ಲೇಶ್ವರದ ನಮ್ಮ ಕೇಕ್ ಕಿಚನ್‌ಗೆ ಹೊಸದಾಗಿ ಸೇರುವವರು ಫಾಂಡೆಂಟ್, ಅಂದ್ರೆ ಕೇಕಿಗೆ ಹೊದಿಸುವ ಸಕ್ಕರೆಯ ಹಿಟ್ಟು, ಲಟ್ಟಿಸುವಾಗ ಕೇಳುವುದು ಒಂದೇ: "ಅಕ್ಕ, ಚಪಾತಿ ಲಟ್ಟಣಿಗೆ ಇದೆಯಲ್ಲ, ಅದೇ ಸಾಕಲ್ವಾ?"

ಸಾಕಾಗಲ್ಲ. ಅದರ ನಡು ದಪ್ಪ, ತುದಿ ಸಣ್ಣ. ಚಪಾತಿಗೆ ಅದು ಸರಿ. ಫಾಂಡೆಂಟ್ ಮಾತ್ರ ನಡುವೆ ತೆಳ್ಳಗಾಗಿ ಅಂಚು ದಪ್ಪ ಉಳಿಯುತ್ತದೆ, ಎತ್ತಿ ಕೇಕ್ ಮೇಲೆ ಹಾಕುವಾಗ ಹರಿಯುತ್ತದೆ. ಮರದ ಗೆರೆಗಳೂ ಮೂಡುತ್ತವೆ. ತುಪ್ಪ ಕುಡಿದ ಮರವಾದರೆ ವಾಸನೆ ಬೇರೆ.

ಮೊದಲು ಉದ್ದ ನೋಡಿ. ಕೇಕಿನ ಅಗಲಕ್ಕೆ ಎತ್ತರದ ಎರಡರಷ್ಟು ಸೇರಿಸಬೇಕು. 8 ಇಂಚು ಅಗಲ, 4 ಇಂಚು ಎತ್ತರ ಅಂದ್ರೆ 16 ಇಂಚಿನ ಹಾಳೆ. ಅಂಚು ಕತ್ತರಿಸಲು ಒಂದೆರಡು ಇಂಚು ಜಾಸ್ತಿ ಇಟ್ಟುಕೊಳ್ಳಿ. ಹಾಗಾಗಿ 20 ಇಂಚಿನ ಲಟ್ಟಣಿಗೆ ಬೇಕು. 9 ಇಂಚಿನದರಲ್ಲಿ ಲಟ್ಟಿಸಿದರೆ ಅದರ ತುದಿ ಹಾಳೆಯ ನಡುವೆಯೇ ಓಡಾಡಿ, ಹೋದಲ್ಲೆಲ್ಲ ಗೆರೆ ಬಿಡುತ್ತದೆ. ಹೂವು, ಬೋ, ಮೊಲದ ಕಿವಿ ಮಾಡಲು ಆ ಚಿಕ್ಕದೇ ಚೆನ್ನ.

ದಪ್ಪ ಒಂದೇ ಸಮ ಬರಲು ಎರಡೂ ತುದಿಗೆ ರಬ್ಬರ್ ಉಂಗುರ ಹಾಕುತ್ತೇವೆ. ಕೇಕ್ ಹೊದಿಸಲು ನಮಗೆ 3 ಮಿಲಿಮೀಟರ್ ಸರಿಹೋಗುತ್ತದೆ. ಉಂಗುರ ಹಾಳೆಯ ಆಚೆ ಉರುಳಬೇಕು, ಅದಕ್ಕೂ ಉದ್ದ ಬೇಕು ನೋಡಿ.

ನಾನು ಆರಿಸುವುದು ಹಿಡಿ ಇಲ್ಲದ, ಗಟ್ಟಿಯಾದ ಬಿಳಿ ನಾನ್‌ಸ್ಟಿಕ್ ಪ್ಲಾಸ್ಟಿಕ್. ಸ್ಟೀಲ್ ಕೂಡ ಒಳ್ಳೆಯದೇ, ಆದರೆ ಟೊಳ್ಳಾಗಿದ್ದರೆ ಬೆಸುಗೆಯ ಗೆರೆ ಇದೆಯಾ ಅಂತ ಬೆರಳಾಡಿಸಿ. ಮಾರ್ಬಲ್ ನೋಡಲು ಚಂದ, ಮದುವೆ ಸೀಸನ್‌ನಲ್ಲಿ ಮಣಿಕಟ್ಟು ಬಿದ್ದುಹೋಗುತ್ತದೆ. ಸಿಲಿಕೋನ್ ಧೂಳು, ಬಟ್ಟೆಯ ನಾರು ಎಲ್ಲ ಎಳೆದುಕೊಳ್ಳುತ್ತದೆ. ಬಿಳಿ ಕೇಕಿಗಂತೂ ಬೇಡವೇ ಬೇಡ.

ಚಿಕ್ಕಪೇಟೆ ಕಡೆ ಕೊಳ್ಳುವಾಗ ಅಂಗಡಿಯ ಗಾಜಿನ ಕೌಂಟರ್ ಮೇಲೆ ಉರುಳಿಸಿ, ಬಗ್ಗಿ ನೋಡುತ್ತೇನೆ. ಅಡಿಯಲ್ಲಿ ಬೆಳಕು ಇಣುಕಿದರೆ ಅದು ಡೊಂಕು. "ಏನ್ ಮೇಡಂ, ಲಟ್ಟಣಿಗೆಗೂ ಇಂಟರ್‌ವ್ಯೂನಾ?" ಅಂತ ನಗುತ್ತಾರೆ. ನಗಲಿ ಬಿಡಿ.

ಮಳೆಗಾಲದಲ್ಲಿ ಫಾಂಡೆಂಟ್ ಅಂಟಿದರೆ ಲಟ್ಟಣಿಗೆಯನ್ನು ಬೈಯಬೇಡಿ. ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮೇಲೆ ಐಸಿಂಗ್ ಶುಗರ್ ಉದುರಿಸಿದರೆ ಅದೂ ಅಂಟಾಗುತ್ತದೆ. ತೆಳು ಬಟ್ಟೆಯಲ್ಲಿ ಕಾರ್ನ್‌ಫ್ಲೋರ್ ಗಂಟು ಕಟ್ಟಿ, ಟೇಬಲ್ ಮೇಲೆ ಹಗುರಾಗಿ ತಟ್ಟಿ. ಜಾಸ್ತಿಯಾದರೆ ಒಣಗಿ ಬಿರುಕು ಬಿಡುತ್ತದೆ. ಮಾರ್ಚ್‌ನ ಒಣ ಹವೆಯಲ್ಲಿ ಪುಡಿಗಿಂತ ಕೈಗೆ ಸವರಿಕೊಂಡ ಚೂರು ವನಸ್ಪತಿಯೇ ಮೇಲು.

ತೊಳೆಯುವಾಗ ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬೇಡಿ. ಒಂದು ಗೀರು ಬಿದ್ದರೆ ಪ್ರತಿ ಸುತ್ತಿಗೂ ಅದು ಫಾಂಡೆಂಟ್ ಮೇಲೆ ಮೂಡುತ್ತದೆ. ನಮ್ಮಲ್ಲಿ ಇದು ಪಾತ್ರೆಗಳ ಜೊತೆ ಸಿಂಕಿಗೆ ಹೋಗುವುದೇ ಇಲ್ಲ. ಬಳಸಿದವರೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಓವನ್‌ನಿಂದ ದೂರ, ಅಡ್ಡಲಾಗಿ ಮಲಗಿಸಿ ಇಡಬೇಕು.