ಕಾಲಿಗೆ ಜ್ವರ, ತಲೆಗೆ ಬರೆ: ಪ್ಯಾನ್ ವಾಪಸ್ ಜಗ್ಗುವ ರೋಗದ ಮೂಲ ಸಿಕ್ಕಿತು

ಮೂರು ತಿಂಗಳು ನನ್ನ ತಲೆ ತಿಂದ ಕಳ್ಳ ನಿನ್ನೆ ರಾತ್ರಿ ಸಿಕ್ಕಿಬಿದ್ದ. ಹಿಡಿದುಕೊಟ್ಟಿದ್ದು ಬೆಕ್ಕನ್ನು ಆಡಿಸುವ ಲೇಸರ್ ಪಾಯಿಂಟರ್.

ಕಥೆ ಗೊತ್ತಿಲ್ಲದವರಿಗೆ: ನನ್ನದು ರೈಲು ಶೂಟ್ ಮಾಡುವ ಹುಚ್ಚು. ಫುಲ್ ಫ್ರೇಮ್ ಕ್ಯಾಮೆರಾ, 200 ಎಂಎಂ ಲೆನ್ಸ್, ತಲೆಯ ಮೇಲೊಂದು ಮಾನಿಟರ್. ಎಲ್ಲ ಸೇರಿ ಮೂರು ಕೆಜಿ ಚಿಲ್ಲರೆ. ತಿರುವಿನಲ್ಲಿ ಇಂಜಿನ್ ಮೂತಿ ಕಂಡಾಗ ಪ್ಯಾನ್ (ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುವುದು) ಶುರು ಮಾಡಬೇಕು, ಒಂದು ಕಡೆ ನಿಲ್ಲಿಸಬೇಕು, ಬೋಗಿಗಳು ಫ್ರೇಮ್ ದಾಟಿ ಹೋಗುವ ತನಕ ಉಸಿರು ಬಿಗಿ ಹಿಡಿದಿರಬೇಕು. ಇಷ್ಟೇ ಶಾಟ್. ನಿಲ್ಲಿಸಿದ ಮೇಲೆ ಫ್ರೇಮ್ ನಿಲ್ಲಬೇಕು ಅಲ್ವಾ? ನನ್ನದು ನಿಲ್ಲುತ್ತಿರಲಿಲ್ಲ. ಹ್ಯಾಂಡಲ್ ಬಿಟ್ಟ ಕೂಡಲೇ ಬಂದ ದಾರಿಯಲ್ಲೇ ಒಂದು ಚೂರು ವಾಪಸ್ ಹೋಗುತ್ತಿತ್ತು, ಏನೋ ಮರೆತು ಬಂದವರ ಹಾಗೆ. ರೈಲು ಬೇರೆ, ಇನ್ನೊಂದು ಟೇಕ್ ಕೊಡುವ ಪೈಕಿ ಅಲ್ಲ.

ತಪ್ಪು ಹೆಡ್‌ನದ್ದು (ಟ್ರೈಪಾಡ್ ಮೇಲೆ ಕೂತು ಕ್ಯಾಮೆರಾ ತಿರುಗಿಸುವ ಭಾಗ) ಅಂತ ನಾನು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟೆ. ಯಾಕಂದ್ರೆ ಸಾಕ್ಷಿ ಹಾಗಿತ್ತು. ಡ್ರ್ಯಾಗ್ (ತಿರುಗುವುದಕ್ಕೆ ಹೆಡ್ ಒಡ್ಡುವ ತಡೆ) ಸೊನ್ನೆಗೆ ಇಳಿಸಿದರೆ ಜಗ್ಗುವುದು ಹೆಚ್ಚುಕಮ್ಮಿ ಮಾಯ. ಪೂರ್ತಿ ಏರಿಸಿದರೆ ಜೋರು. ಡ್ರ್ಯಾಗ್ ಇರುವುದು ಹೆಡ್ ಒಳಗೆ, ಹಾಗಾಗಿ ರೋಗವೂ ಹೆಡ್ ಒಳಗೆ. ಇಷ್ಟು ಸರಳ ಲೆಕ್ಕ ತಪ್ಪಾಗುತ್ತದೆ ಅಂತ ಯಾರಿಗೆ ಅನಿಸುತ್ತೆ?

ಹಳೆಯ ಹೆಡ್ ಮೇಲೆ ನನಗೆ ಮೊದಲಿಂದಲೂ ಅನುಮಾನ ಇತ್ತು ಅನ್ನುವುದೂ ನಿಜ. 'ಫ್ಲೂಯಿಡ್' ಅಂತ ಮೈಮೇಲೆ ಬರೆದುಕೊಂಡ ಎಷ್ಟೋ ಹೆಡ್‌ಗಳ ಒಳಗೆ ಇರುವುದು ಗ್ರೀಸ್ ಸವರಿದ ಉಜ್ಜಾಟ ಮಾತ್ರ. ನಿಜವಾದ ಫ್ಲೂಯಿಡ್ ಡ್ರ್ಯಾಗ್‌ನಲ್ಲಿ ಬಿಲ್ಲೆಗಳ ನಡುವಿನ ಮಂದ ದ್ರವ ಜರುಗುತ್ತದೆ. ವೇಗ ಹೆಚ್ಚಿದಷ್ಟು ತಡೆಯೂ ಹೆಚ್ಚು, ನಿಧಾನ ಶುರು ಮಾಡಿದರೆ ತಡೆ ಸೊನ್ನೆಯ ಹತ್ತಿರ. ಬರೀ ಉಜ್ಜಾಟದ ಹೆಡ್ ಉಲ್ಟಾ: ಹೊರಡುವಾಗಲೇ ಮೊಂಡಾಟ, ಆಮೇಲೆ ಧಡಕ್ಕಂತ ಓಟ. ಇದನ್ನು ಪತ್ತೆ ಮಾಡಲು ಒಂದು ರಬ್ಬರ್ ಬ್ಯಾಂಡ್ ಸಾಕು. ಹ್ಯಾಂಡಲ್ ತುದಿಗೆ ಸಿಕ್ಕಿಸಿ, ರಬ್ಬರ್ ಹಿಡಿದು ಮೆಲ್ಲಗೆ ಎಳೆಯಿರಿ. ಫ್ರೇಮ್ ತಾನಾಗಿ ಹೊರಟರೆ ಹೆಡ್ ಒಳ್ಳೆಯದು. ರಬ್ಬರ್ ಹಿಗ್ಗಿ ಹಿಗ್ಗಿ, ಆಮೇಲೆ ಕ್ಯಾಮೆರಾ ಎಗರಿದರೆ ಹೆಡ್ ಅನ್ನು ವಾಪಸ್ ಪೆಟ್ಟಿಗೆಗೆ ಹಾಕಿ. ನನ್ನ ಹಳೆಯದು ಎಗರಿತು. ಸರಿ, ಹೊಸ ಹೆಡ್ ತರಿಸಿದೆ.

ಹೊಸದು ರಬ್ಬರ್ ಪರೀಕ್ಷೆಯಲ್ಲಿ ರ‍್ಯಾಂಕ್ ಬಂತು. ಫ್ರೇಮ್ ವಾಪಸ್ ಜಗ್ಗುವುದು ಮಾತ್ರ ಮೊದಲಿಗಿಂತ ಜಾಸ್ತಿ ಆಯಿತು.

ಆ ವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಹ್ಯಾಂಡಲ್ ಕೂರುವ ಹಲ್ಲು ಬಿಗಿ ಮಾಡಿದೆ. ಕ್ಯಾಮೆರಾ ಕೂರುವ ಪ್ಲೇಟ್ ಸ್ಕ್ರೂ ನೋಡಿದೆ, ಬಿಗಿಯಾಗೇ ಇತ್ತು. ಲೆನ್ಸ್ ಸ್ಟೆಬಿಲೈಸೇಶನ್, ಅಂದ್ರೆ ಕೈ ನಡುಕ ಸರಿಪಡಿಸುವ ವ್ಯವಸ್ಥೆ, ಆಫ್ ಮಾಡಿದೆ. (ಇದನ್ನು ನೀವೂ ಮಾಡಿ ನೋಡಿ. ಟ್ರೈಪಾಡ್ ಮೇಲೆ ಅದು ಆನ್ ಇದ್ದರೂ ಪ್ಯಾನ್ ಕೊನೆಯಲ್ಲಿ ಫ್ರೇಮ್ ತೇಲಬಹುದು, ಆ ತೇಲಾಟ ಥೇಟ್ ಈ ರೋಗದ ಹಾಗೇ ಕಾಣುತ್ತೆ.) ಏನೂ ಬದಲಾಗಲಿಲ್ಲ.

ನಿನ್ನೆ ಸುಮ್ನೆ ಕೂತಿದ್ದಾಗ ಒಂದು ಯೋಚನೆ ಬಂತು. ಹೆಡ್ ಕೆಳಗಿನದ್ದು ಯಾವುದೂ ಪ್ಯಾನ್ ಮಾಡುವಾಗ ಅಲ್ಲಾಡಬಾರದು. ಆದರೆ ಅಲ್ಲಾಡುತ್ತಿಲ್ಲ ಅಂತ ನಾನು ನೋಡಿದ್ದೇನಾ? ಇಲ್ಲ, ನಂಬಿದ್ದೆ ಅಷ್ಟೆ. ಲೇಸರನ್ನು ಹೆಡ್‌ನ ತಿರುಗದ ಬುಡಕ್ಕೆ ಟೇಪ್ ಹಾಕಿ ಅಂಟಿಸಿದೆ, ನಾಲ್ಕು ಮೀಟರ್ ಆಚೆಯ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದೆ, ಡ್ರ್ಯಾಗ್ ಏರಿಸಿ ಪ್ಯಾನ್ ಮಾಡಿದೆ. ಕೆಂಪು ಚುಕ್ಕೆ ಪ್ಯಾನ್ ಜೊತೆಗೇ ಹೊರಟಿತು. ಆರು ಮಿಲಿಮೀಟರ್ ಹೋಗಿ ನಿಂತಿತು. ಕೈ ಬಿಟ್ಟೆ. ಮನೆಗೆ ವಾಪಸ್.

ಆರು ಮಿಲಿಮೀಟರ್ ಅಂದ್ರೆ ಏನು ಮಹಾ ಅನಿಸಬಹುದು. ನಾಲ್ಕು ಮೀಟರ್ ದೂರಕ್ಕೆ ಅದು 0.086 ಡಿಗ್ರಿ. ಫುಲ್ ಫ್ರೇಮ್‌ನಲ್ಲಿ 200 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 10.3 ಡಿಗ್ರಿ ನೋಡುತ್ತದೆ. ಅದನ್ನು 4ಕೆ ಫ್ರೇಮ್‌ನ 3840 ಪಿಕ್ಸೆಲ್‌ಗೆ ಹಂಚಿದರೆ ಡಿಗ್ರಿಗೆ 373 ಪಿಕ್ಸೆಲ್. ಅಲ್ಲಿಗೆ ನನ್ನ ಫ್ರೇಮ್ 32 ಪಿಕ್ಸೆಲ್ ಹಿಂದಕ್ಕೆ ಬರುತ್ತಿತ್ತು. ದೊಡ್ಡ ಪರದೆಯಲ್ಲಿ ಕುರುಡನಿಗೂ ಕಾಣುವಷ್ಟು.

ಡ್ರ್ಯಾಗ್ ಕೊಟ್ಟ ಸಾಕ್ಷಿಯ ಅರ್ಥವೂ ಆಗ ಬಿಡಿಸಿಕೊಂಡಿತು. ಡ್ರ್ಯಾಗ್ ಅಂದರೆ ಕೈಗೆ ಮಾತ್ರ ತಡೆ ಅಲ್ಲ. ನಾನು ಹ್ಯಾಂಡಲ್ ನೂಕುವ ಬಲವನ್ನೇ ಅದು ಕೆಳಗಿನ ಕಾಲುಗಳಿಗೆ ದಾಟಿಸುತ್ತದೆ. ಕಾಲುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದಿಷ್ಟು ತಿರುಚಿಕೊಳ್ಳುತ್ತವೆ. ಪ್ಯಾನ್ ನಿಂತಾಗ ಆ ತಿರುಚು ಬಿಚ್ಚಿಕೊಳ್ಳುತ್ತದೆ, ಕ್ಯಾಮೆರಾವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಡ್ರ್ಯಾಗ್ ಜಾಸ್ತಿಯಾದಷ್ಟು ತಿರುಚೂ ಜಾಸ್ತಿ. ಹೊಸ ಹೆಡ್ ಇನ್ನೂ ಗಟ್ಟಿ ಡ್ರ್ಯಾಗ್ ಕೊಡುತ್ತೆ, ಅದಕ್ಕೇ ರೋಗ ಉಲ್ಬಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅದೂ ಎರಡು ಎಮ್ಮೆಗೆ.

ಆಮೇಲೆ ನಿದ್ದೆ ಎಲ್ಲಿಂದ ಬರಬೇಕು. ಲೇಸರನ್ನು ಒಂದೊಂದೇ ಮೆಟ್ಟಿಲು ಕೆಳಗೆ ಇಳಿಸಿದೆ. ಸೆಂಟರ್ ಕಾಲಮ್ (ನಡುವಿನ ಏರಿಳಿಸುವ ಕಂಬ) ಬಿಟ್ಟು ಅದರ ಕೆಳಗಿನ ಗಂಟಿಗೆ, ಮೂರು ಕಾಲು ಸೇರುವ ಜಾಗಕ್ಕೆ ಅಂಟಿಸಿದಾಗ ಮೂರೂವರೆ ಮಿಲಿಮೀಟರ್. ಅಂದರೆ ಎರಡೂವರೆ ಕಾಲಮ್ ಒಂದರದ್ದೇ. ಕಾಲುಗಳ ಕೆಳಗಿನ ಸಣಕಲು ಸೆಕ್ಷನ್ ಮುಚ್ಚಿದಾಗ ಎರಡಕ್ಕೆ ಇಳಿಯಿತು. ನನ್ನ ಕಾಲುಗಳು ಸ್ಟಿಲ್ ಫೋಟೊಗೆ ಮಾಡಿದವು. ಭಾರ ಹೊರುವುದರಲ್ಲಿ ಕುಸ್ತಿಪಟು, ತಿರುಚುವುದರಲ್ಲಿ ಬಳ್ಳಿ. ಕಾಲಿಗೊಂದೇ ಕೊಳವೆ, ನಡುವೆ ಮೂರನ್ನೂ ಕಟ್ಟಿ ಹಿಡಿಯುವ ಸ್ಪ್ರೆಡರ್ ಇಲ್ಲ. ವಿಡಿಯೊ ಕಾಲುಗಳಲ್ಲಿ ಜೋಡಿ ಕೊಳವೆ ಯಾಕೆ ಇರುತ್ತೆ ಅಂತ ಈಗ ಕೈಯಲ್ಲಿ ಅಳೆದು ತಿಳಿದುಕೊಂಡೆ. ಇಷ್ಟು ದಿನ ನೋಡೋಕೆ ಚೆಂದ ಅಂತ ಹಾಗೆ ಮಾಡ್ತಾರೆ ಅಂದುಕೊಂಡಿದ್ದೆ!

ಬೆಳಗ್ಗೆಯೇ ಗೆಳೆಯನ ಜೋಡಿ ಕೊಳವೆಯ 75 ಎಂಎಂ ಬೌಲ್ (ಹೆಡ್ ಕೂರುವ ಬಟ್ಟಲು) ಟ್ರೈಪಾಡ್ ಎರವಲು ತಂದೆ. ಮಿಡ್ ಲೆವೆಲ್ ಸ್ಪ್ರೆಡರ್ ಇರುವಂಥದ್ದು. ಅದೇ ಹೆಡ್, ಅದೇ ಡ್ರ್ಯಾಗ್. ಚುಕ್ಕೆ ಅರ್ಧ ಮಿಲಿಮೀಟರ್ ಅಲ್ಲಾಡಿತು. ಮೂರು ಪಿಕ್ಸೆಲ್ಲೂ ಇಲ್ಲ. ನಾನು ಕೂಗಿದ್ದಕ್ಕೆ ಬೆಕ್ಕು ಮಂಚದ ಕೆಳಗೆ ಸೇರಿತು.

ಈ ಬೌಲ್ ವಿಷಯದಲ್ಲಿ ಒಂದು ಗೋಳು ಇದೆ, ಹೇಳಿಕೊಳ್ಳಲೇಬೇಕು. ಹೊಸ ಹೆಡ್ ಬುಡ ಚಪ್ಪಟೆ, ಬೌಲ್‌ಗೆ ಕೂರಿಸಲು ಅರ್ಧಗೋಳ ಬೇಕು. ಮುಂದೆ ಯಾವತ್ತಾದರೂ ಬೇಕಾಗಬಹುದು ಅಂತ ಹಿಂದೆಯೇ 75 ಎಂಎಂ ಆರ್ಡರ್ ಮಾಡಿದ್ದೆ. ಬಂದಿದ್ದು 65. ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಬೌಲ್ ಒಳಗೆ ಲೊಡಲೊಡ. ಮಾರಿದವರಿಗೆ ಫೋಟೊ, ಅಳತೆ ಎಲ್ಲ ಕಳಿಸಿದರೆ ಬಂದ ಉತ್ತರ: 'ಇನ್ನೂ ಸ್ವಲ್ಪ ಬಿಗಿ ಮಾಡಿ ನೋಡಿ ಸರ್.' ಗೋಳ ಬಿಗಿ ಮಾಡಿದರೆ ಹತ್ತು ಎಂಎಂ ಬೆಳೆಯುತ್ತಾ ಸ್ವಾಮಿ? ಎರಡನೇ ಸಲ ಸರಿಯಾದ ಅಳತೆಯದ್ದೇ ಬಂತು, ಆದರೆ ಕೆಳಗಿನ ಹಿಡಿ ಇರಲಿಲ್ಲ. ಅದನ್ನು ಮೂರನೇ ಪಾರ್ಸೆಲ್‌ನಲ್ಲಿ ಕಳಿಸಿದರು.

ಹೆಡ್ ಪೆಟ್ಟಿಗೆ ಮೇಲಿನ 'ಪೇಲೋಡ್ (ಹೊರಬಲ್ಲ ಭಾರ) 8 ಕೆಜಿ' ಅನ್ನುವ ಮಾತಿನ ಮೇಲೂ ನನಗೆ ಸಿಟ್ಟಿದೆ. ಎಷ್ಟು ಎತ್ತರದಲ್ಲಿ 8 ಕೆಜಿ? ಕ್ಯಾಮೆರಾ ಮುಂದಕ್ಕೆ ಬಾಗಿದಾಗ ಅದನ್ನು ತಡೆದು ನಿಲ್ಲಿಸುವ ಹೆಡ್ ಒಳಗಿನ ಸ್ಪ್ರಿಂಗ್ ಎದುರಿಸಬೇಕಾಗಿರುವುದು ತೂಕ ಒಂದನ್ನೇ ಅಲ್ಲ. ತೂಕದ ನಡುಬಿಂದು ಟಿಲ್ಟ್ (ಮೇಲೆ ಕೆಳಗೆ ಬಾಗುವ) ಅಕ್ಷದಿಂದ ಎಷ್ಟು ಮೇಲಿದೆ ಅನ್ನುವುದೂ ಅಷ್ಟೇ ಮುಖ್ಯ. ಮಾನಿಟರ್ ಮೇಲೆ ಕೂರಿಸಿದ ದಿನ ತೂಕ ಕಾಲು ಕೆಜಿ ಏರಿತು, ಟಿಲ್ಟ್ ಮಾತ್ರ ಬೇರೆ ಕ್ಯಾಮೆರಾ ಇಟ್ಟಷ್ಟು ಬದಲಾಯಿತು. ಒಳ್ಳೆಯ ತಯಾರಕರು ತೂಕ, ಎತ್ತರ ಎರಡೂ ಇರುವ ಗ್ರಾಫ್ ಕೊಡುತ್ತಾರೆ. ಗ್ರಾಫ್ ಇಲ್ಲದ ಹೆಡ್ ಅನ್ನು ನಾನಂತೂ ಇನ್ನು ಕೊಳ್ಳಲ್ಲ. ಡ್ರ್ಯಾಗ್ ಸೊನ್ನೆ ಇಟ್ಟು, ಮೂವತ್ತು ಡಿಗ್ರಿ ಬಾಗಿಸಿ, ಕೈಯನ್ನು ಹತ್ತಿರದಲ್ಲೇ ಇಟ್ಟುಕೊಂಡು ಬಿಡಿ. ಅಲ್ಲೇ ನಿಂತರೆ ಸರಿ. ಮೂತಿ ಇನ್ನೂ ಕೆಳಗೆ ಹೋದರೆ ಸ್ಪ್ರಿಂಗ್ ಸಾಲದು, ಮೇಲಕ್ಕೆದ್ದರೆ ಜಾಸ್ತಿಯಾಯಿತು. ಡ್ರ್ಯಾಗ್ ಏರಿಸಿ ಇದನ್ನು ಮುಚ್ಚಿಡುವ ಚಾಳಿ ನನಗೂ ಇತ್ತು.

ಅಂದ ಹಾಗೆ, ಫ್ಲೂಯಿಡ್ ಹೆಡ್ ಕಂಡುಹಿಡಿದವರಲ್ಲಿ ಒಬ್ಬರಾದ ಚಾಡ್‌ವೆಲ್ ಓ'ಕಾನರ್ ಕೂಡ ನಮ್ಮ ಜಾತಿಯೇ. ಉಗಿಬಂಡಿ ಹುಚ್ಚಿನ ಇಂಜಿನಿಯರ್. ಓಡುವ ರೈಲನ್ನು ನಯವಾಗಿ ಹಿಂಬಾಲಿಸಲು ಅಂತಲೇ ಅದನ್ನು ಮಾಡಿಕೊಂಡಿದ್ದು. ಅದಕ್ಕೆ 1975ರ ಮತ್ತು 1992ರ ಆಸ್ಕರ್ ತಾಂತ್ರಿಕ ಪ್ರಶಸ್ತಿಗಳು ಬಂದವು. ಇದು ಗೊತ್ತಾದ ದಿನದಿಂದ ಮನೆಯಲ್ಲಿ ನನ್ನ ಹವ್ಯಾಸಕ್ಕೆ ಒಂದು ಘನತೆ ಬಂದಿದೆ ಅಂತ ನಾನೊಬ್ಬನೇ ಅಂದುಕೊಂಡಿದ್ದೇನೆ.

ಮುಂದಿನ ಹುಚ್ಚು ಆಗಲೇ ಹತ್ತಿದೆ: ಫ್ಲೈವೀಲ್ ಸ್ಲೈಡರ್, ಅಂದ್ರೆ ಭಾರದ ಚಕ್ರ ಜೋಡಿಸಿ, ಕ್ಯಾಮೆರಾವನ್ನು ಹಳಿ ಮೇಲೆ ನಯವಾಗಿ ಜಾರಿಸುವ ಗಾಡಿ. ಅಟ್ಟದ ಮೇಲೆ ಸತ್ತ ವಿಸಿಆರ್ ಒಂದಿದೆ. ಅದರೊಳಗೆ ಟೇಪ್ ಓದುವ ಹೆಡ್ ಡ್ರಮ್‌ನ ಬೇರಿಂಗ್ ಅಷ್ಟು ನಯ ಇರುತ್ತೆ, ಬೆರಳಿನಿಂದ ಒಮ್ಮೆ ತಿರುಗಿಸಿದರೆ ನೋಡುತ್ತಾ ಕೂರಬಹುದು. ಹಲ್ಲಿನ ಬೆಲ್ಟ್ ಹಾಕಿ, ಡ್ರಮ್ ಮೇಲೆ ಹಿತ್ತಾಳೆ ಬಿಲ್ಲೆ ಕೂರಿಸಿದರೆ ಗಾಡಿಯ ಶುರುವೂ ನಿಲುಗಡೆಯೂ ತಾನಾಗಿ ಮೆತ್ತಗಾಗಬೇಕು. ಬಿಲ್ಲೆ ಎಷ್ಟು ಭಾರ ಅನ್ನುವುದು ಇನ್ನೂ ಲೆಕ್ಕ ಹಾಕಿಲ್ಲ. ಸ್ಲೈಡರನ್ನು ಕೂರಿಸುವ ಕಾಲುಗಳಿಗೆ ಮಾತ್ರ ಈ ಸಲ ಮೊದಲೇ ಲೇಸರ್ ಹಚ್ಚುತ್ತೇನೆ.

ಗೆಳೆಯ ಭಾನುವಾರ ಟ್ರೈಪಾಡ್ ವಾಪಸ್ ಕೇಳಿದ್ದಾನೆ. ಶನಿವಾರ ಮಧ್ಯಾಹ್ನ ಒಂದು ಗೂಡ್ಸ್ ಬರುತ್ತೆ. ಉದ್ದದ್ದು.