ಮಹಾಪ್ರಾಣ ಹೋದ ಹೆಸರು

ಪ್ರೌಢಶಾಲೆಯ ಮೊದಲ ದಿನ ಹಾಜರಿ ಕರೆದಾಗ ನನ್ನ ಹೆಸರಿನ ಹೊಟ್ಟೆ ಮುಚ್ಚಿಹೋಗಿತ್ತು.

ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಮೇಧಾ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದವರು ಯಾರೋ ಧಕಾರದ ಹೊಟ್ಟೆ ಸೀಳಲು ಮರೆತಿದ್ದರು. ಅದು ಮೇದಾ ಆಗಿತ್ತು. ಬೇರೆ ಯಾರಾದರೂ ಓದಿದ್ದರೆ ವ್ಯತ್ಯಾಸ ಕಿವಿಗೇ ಬೀಳುತ್ತಿರಲಿಲ್ಲ. ಮಹಾಪ್ರಾಣವನ್ನು ಉಸಿರು ಕೊಟ್ಟು ಹೇಳುವವರು ಎಷ್ಟು ಮಂದಿ? ಆದರೆ ನಮ್ಮ ಕ್ಲಾಸ್ ಟೀಚರ್ ಕನ್ನಡದ ಮೇಡಂ. ಬರೆದದ್ದನ್ನು ಬರೆದಂತೆಯೇ ಓದುವವರು. “ನಲವತ್ತೇಳು, ಮೇದಾ” ಎಂದರು, ದಕಾರವನ್ನು ಹಲ್ಲಿಗೆ ಅಂಟಿಸಿ. ಎದ್ದು ನಿಂತು ಸರಿಪಡಿಸಲು ಅರ್ಧ ನಿಮಿಷ ಸಾಕಿತ್ತು. ಆದರೆ ಅದಕ್ಕೆ ಐವತ್ತೆರಡು ಅಪರಿಚಿತ ಮುಖಗಳ ನಡುವೆ ಎದ್ದು ನಿಲ್ಲಬೇಕಿತ್ತು. ನಾನು “ಹಾಜರ್ ಮೇಡಂ” ಎಂದು ಸುಮ್ಮನಾದೆ.

ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ ಕೇಳಿದ: “ಎಲ್ಲಿ ಮೇದೆ?”

ದನ ಮೇದು ಮನೆಗೆ ಬಂದಂತೆ! ನಿಜ ಹೇಳಬೇಕೆಂದರೆ ಕೋಪಕ್ಕಿಂತ ಮೊದಲು ಬಂದದ್ದು ಮೆಚ್ಚುಗೆ. ಏಳು ವರ್ಷ ಒಂದೇ ಶಾಲೆಯಲ್ಲಿ ಓದಿದ್ದೆ, ಅಲ್ಲಿ ಯಾರಿಗೂ ಈ ಶ್ಲೇಷೆ ಹೊಳೆದಿರಲಿಲ್ಲ. ಕೋಪ ಬಂದದ್ದು ಮೂರನೇ ದಿನ, ಮೂವರು ಸೇರಿ ಕೇಳತೊಡಗಿದಾಗ.

ಹಳೆಯ ಶಾಲೆಯ ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳಿದ್ದೆವು. ಹಾಜರಿ ಕರೆಯುವ ಅಗತ್ಯವೇ ಇರಲಿಲ್ಲ. ಮೇಷ್ಟ್ರು ಒಮ್ಮೆ ಕಣ್ಣಾಡಿಸಿ ಯಾರು ಬಂದಿಲ್ಲ, ಏಕೆ ಬಂದಿಲ್ಲ ಎಂಬುದನ್ನು ತಾವೇ ಹೇಳಿಬಿಡುತ್ತಿದ್ದರು. ಯಾರಿಗೆ ಯಾವ ಹಲ್ಲು ಯಾವಾಗ ಬಿತ್ತು ಎಂಬುದೂ ಅವರಿಗೆ ಗೊತ್ತಿತ್ತು. ಹೊಸ ಶಾಲೆಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಒಬ್ಬರು ಹೋಗಿ ಇನ್ನೊಬ್ಬರು ಬರುತ್ತಾರೆ. ಪ್ರತಿಯೊಬ್ಬರೂ ಜಗತ್ತಿನಲ್ಲಿರುವುದು ತಮ್ಮ ವಿಷಯ ಒಂದೇ ಎಂದು ನಂಬಿದವರಂತೆ ಮನೆಕೆಲಸ ಕೊಡುತ್ತಾರೆ. ಒಬ್ಬರು ಅಂಚು ಬಿಟ್ಟು ಬರೆಯಬೇಕು ಎನ್ನುತ್ತಾರೆ, ಇನ್ನೊಬ್ಬರಿಗೆ ಅಂಚು ಬಿಟ್ಟರೆ ಕಾಗದ ದಂಡ. ಒಬ್ಬರಿಗೆ ಪ್ರಶ್ನೆ ಕೇಳಿದರೆ ಸಂತೋಷ, ಇನ್ನೊಬ್ಬರಿಗೆ ಅದೇ ಅಧಿಕಪ್ರಸಂಗ. ಪಾಠಗಳಿಗಿಂತ ಈ ಆರು ಜನರ ಆರು ಸ್ವಭಾವಗಳನ್ನು ಬಾಯಿಪಾಠ ಮಾಡುವುದೇ ಮೊದಲ ತಿಂಗಳ ದೊಡ್ಡ ಕೆಲಸವಾಗಿತ್ತು. ವೇಳಾಪಟ್ಟಿಯಲ್ಲಿ ಅದಕ್ಕೆ ಪೀರಿಯಡ್ ಇರಲಿಲ್ಲ.

ಇನ್ನು ಕಟ್ಟಡ. ಕೆಳಗಿನ ಮಹಡಿ, ಮೇಲಿನ ಮಹಡಿ, ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ನಕ್ಷೆ ಬರೆದುಕೊಂಡಿದ್ದೆ: ಪ್ರಯೋಗಾಲಯ, ಗ್ರಂಥಾಲಯ, ನೀರು ಬರುವ ನಲ್ಲಿ, ನೀರು ಬರದ ನಲ್ಲಿ. ನಕ್ಷೆ ಸರಿಯಾಗಿಯೇ ಇತ್ತು, ಮೆಟ್ಟಿಲು ಎಣಿಸಿದ್ದು ತಪ್ಪಾಯಿತು. ನಾಲ್ಕನೇ ದಿನ ಗ್ರಂಥಾಲಯದಿಂದ ಹಿಂತಿರುಗುವಾಗ ಒಂದು ಮಹಡಿ ಹೆಚ್ಚು ಹತ್ತಿ, ನಮ್ಮ ಕೋಣೆಯ ನೇರ ಮೇಲಿರುವ ಒಂಬತ್ತನೇ ತರಗತಿಗೆ ಹೋಗಿ ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಕುಳಿತೆ. ಪುಸ್ತಕವನ್ನೂ ತೆಗೆದೆ. ಸರ್ ಬಂದು ಹಲಗೆಯ ಮೇಲೆ ಅರ್ಧ ಬರೆಯುವವರೆಗೂ ನನಗೆ ಸುಳಿವು ಹತ್ತಲಿಲ್ಲ. ಹತ್ತಿದ ಮೇಲೆ ಎದ್ದು, ಚೀಲ ಎತ್ತಿಕೊಂಡು, ಇಡೀ ಕೋಣೆಯನ್ನು ಅಡ್ಡಹಾಯ್ದು ಬಾಗಿಲು ಸೇರಬೇಕಿತ್ತು. ಆ ಹತ್ತು ಹೆಜ್ಜೆಗಳಷ್ಟು ಉದ್ದದ ದಾರಿಯನ್ನು ನಾನು ಈವರೆಗೆ ನಡೆದಿಲ್ಲ.

ಆಮೇಲೆ ಎರಡು ವಾರ, ಕಾರಿಡಾರಿನಲ್ಲಿ ಯಾರು ನಕ್ಕರೂ ಅದು ನನ್ನ ಬಗ್ಗೆಯೇ.

ಅಕ್ಕ ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಾಳೆ. ಮನೆಯಲ್ಲಿ ಯಾರಿಗೆ ಏನಾದರೂ ಅದಕ್ಕೊಂದು ಅಧ್ಯಯನ ಅವಳ ಬಳಿ ಸಿದ್ಧವಿರುತ್ತದೆ. ನನ್ನ ಒಂಬತ್ತನೇ ತರಗತಿ ಪ್ರವೇಶದ ಕಥೆ ಕೇಳಿ, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಟಿ-ಶರ್ಟಿನ ಪ್ರಯೋಗವನ್ನು ಹೇಳಿದಳು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಅದನ್ನು 2000ದಲ್ಲಿ ಪ್ರಕಟಿಸಿದರು. ಒಬ್ಬ ಗಾಯಕನ ಮುಖ ದೊಡ್ಡದಾಗಿ ಅಚ್ಚಾದ, ತೊಡಲು ನಾಚಿಕೆಯಾಗುವಂಥ ಅಂಗಿಯನ್ನು ವಿದ್ಯಾರ್ಥಿಗೆ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕುಳಿತ ಕೋಣೆಗೆ ಕಳುಹಿಸಿದರಂತೆ. ಸುಮಾರು ಅರ್ಧದಷ್ಟು ಜನ ಅಂಗಿಯ ಮೇಲಿದ್ದ ಮುಖವನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಕಾಲುಭಾಗದಷ್ಟು.

“ಅಂದರೆ ಕಾಲುಭಾಗದವರು ನೋಡಿದರು ತಾನೇ?” ಎಂದೆ. ಅಕ್ಕ ನಿಟ್ಟುಸಿರು ಬಿಟ್ಟಳು.

ಅಮ್ಮನದು ಇನ್ನೊಂದು ಬಗೆ. ಸಂಜೆ ಚೀಲ ಇಳಿಸುವ ಮೊದಲೇ “ಇವತ್ತು ಗೆಳತಿಯರು ಯಾರಾದರೂ ಸಿಕ್ಕರಾ?” ಎಂದು ಕೇಳುತ್ತಿದ್ದರು, ಕಳೆದುಹೋದ ಪೆನ್ನು ಸಿಕ್ಕಿತೇ ಎಂದು ಕೇಳುವ ಧಾಟಿಯಲ್ಲಿ. ಸಿಕ್ಕಿರಲಿಲ್ಲ. ಸಿಕ್ಕಿದ್ದು ಬೆಂಚಿನ ಜೊತೆಗಾತಿ ಒಬ್ಬಳೇ. ಅವಳೋ ಮಾತೇ ಇಲ್ಲದವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕೊಲ್ಲುತ್ತಾಳೆ. ಮೊದಲ ಒಂಬತ್ತು ದಿನ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನು ಪೂರ್ತಿಯಾಗಿ ಹೀಗೆ ದಾಖಲಿಸಬಹುದು:

“ಕಿಟಕಿ ಮುಚ್ಚಲೇ?”

“ಬೇಡ.”

ಪ್ರತಿದಿನ ಕೇಳುತ್ತಿದ್ದೆ, ಪ್ರತಿದಿನ ಬೇಡ. ಬೆಳಗಿನ ಬಿಸಿಲು ನೇರ ನನ್ನ ಪುಸ್ತಕದ ಮೇಲೆ ಬೀಳುತ್ತಿತ್ತು. ಎರಡನೇ ಪೀರಿಯಡ್ ಮುಗಿಯುತ್ತಿದ್ದಂತೆ ಅವಳೇ ಎದ್ದು ಮುಚ್ಚುತ್ತಿದ್ದಳು. ಇದೇನು ಹಟ ಎಂದುಕೊಂಡಿದ್ದೆ. ಅವಳ ತಮ್ಮ ಎದುರಿನ ಪ್ರಾಥಮಿಕ ವಿಭಾಗದಲ್ಲಿ ಒಂದನೇ ತರಗತಿಗೆ ಸೇರಿದ್ದನೆಂದೂ, ಅಳುತ್ತಿದ್ದಾನೆಯೇ ಎಂದು ಅವಳು ಕಿಟಕಿಯಿಂದ ನೋಡುತ್ತಿದ್ದಳೆಂದೂ, ಎರಡನೇ ಪೀರಿಯಡ್ ಆದಮೇಲೆ ಅವರನ್ನು ಆಟಕ್ಕೆ ಬಿಡುತ್ತಿದ್ದುದರಿಂದ ಅವಳಿಗೆ ನೆಮ್ಮದಿಯಾಗುತ್ತಿತ್ತೆಂದೂ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಕೇಳಿದ್ದರೆ ಹೇಳುತ್ತಿದ್ದಳಂತೆ. ನಾನು ಕಿಟಕಿಯ ವಿಷಯವನ್ನಷ್ಟೇ ಕೇಳಿದ್ದೆ.

ನಮ್ಮ ಬೆಂಚಿನ ನಡುವೆ ಒಂದು ಗೀರು ಇದೆ. ಎಂದೋ ಯಾರೋ ಕೈವಾರದ ಮೊನೆಯಿಂದ ಕೆತ್ತಿದ ಗಡಿರೇಖೆ. ಅವರು ಯಾವ ಜಗಳ ಆಡಿದ್ದರೋ! ನಾವು ಆಡದೆಯೇ ಆ ಗಡಿಯನ್ನು ಪಾಲಿಸುತ್ತಿದ್ದೆವು. ಅವಳ ಸ್ಕೇಲ್ ಈಚೆ ಬಂದರೆ ನಾನು ಒಂದು ಬೆರಳಿನಿಂದ ಆಚೆ ತಳ್ಳುತ್ತಿದ್ದೆ.

ಮೂರನೇ ವಾರ ಗಣಿತದ ಕಿರುಪರೀಕ್ಷೆ. ಹಳೆಯ ಶಾಲೆಯಲ್ಲಿ ಗಣಿತಕ್ಕೆ ನಾನೇ ಮೊದಲಿಗಳು. ಹತ್ತೊಂಬತ್ತು ಜನರಲ್ಲಿ ಮೊದಲಿಗಳು ಎಂಬುದನ್ನು ಆಗ ಸೇರಿಸಿ ಹೇಳುತ್ತಿರಲಿಲ್ಲ. ಬಂದದ್ದು 25ಕ್ಕೆ 11. ಮೇಧಾ ಎಂದರೆ ಬುದ್ಧಿಶಕ್ತಿ ಎಂದು ಅರ್ಥ. ಮಹಾಪ್ರಾಣದ ಜೊತೆ ಅದೂ ಹೋಯಿತೇನೋ ಎನಿಸಿತು. ತಪ್ಪುಗಳನ್ನು ಎಣಿಸಿದರೆ ಇದ್ದದ್ದು ಒಂದೇ ತಪ್ಪು, ಅದನ್ನೇ ಐದು ಲೆಕ್ಕಗಳಲ್ಲಿ ಮಾಡಿದ್ದೆ. ಆವರಣದ ಹೊರಗೆ ಋಣ ಚಿಹ್ನೆ ಇದ್ದರೆ ಒಳಗಿನ ಎಲ್ಲ ಪದಗಳ ಚಿಹ್ನೆಯೂ ಬದಲಾಗಬೇಕು. ನಾನು ಮೊದಲ ಪದದ ಚಿಹ್ನೆಯನ್ನು ಮಾತ್ರ ಬದಲಿಸಿ, ಎರಡನೆಯದನ್ನು ಅದರ ಪಾಡಿಗೆ ಬಿಟ್ಟಿದ್ದೆ. ಉತ್ತರ ಪತ್ರಿಕೆಯನ್ನು ಮಡಿಚಿ ಮಡಿಚಿ ಅಂಚೆಚೀಟಿಯಷ್ಟು ಮಾಡುತ್ತಿದ್ದಾಗ ಪಕ್ಕದವಳ ಪತ್ರಿಕೆ ಕಣ್ಣಿಗೆ ಬಿತ್ತು. ಅವಳದ್ದೂ 11. ಅವಳೂ ನನ್ನದನ್ನು ನೋಡಿದಳು.

ಸರ್ ಅಂದು ಸಮೀಕರಣ ಶುರು ಮಾಡಿದ್ದರು. ಸಮ ಚಿಹ್ನೆಯನ್ನು ಮೊದಲು ಬಳಸಿದವನು ರಾಬರ್ಟ್ ರೆಕಾರ್ಡ್, 1557ರಲ್ಲಿ ಎಂದು ಹೇಳಿದರು. ‘ಇದಕ್ಕೆ ಸಮ’ ಎಂದು ಮತ್ತೆ ಮತ್ತೆ ಬರೆದು ಬೇಸತ್ತು, ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮನಾದ ವಸ್ತುಗಳು ಬೇರೆ ಇರಲಾರವು ಎಂದು ಆ ಜೋಡಿಗೆರೆಯನ್ನು ಆರಿಸಿಕೊಂಡನಂತೆ. ಆ ಮಾತು ಮುಗಿಯುವುದರೊಳಗೆ ಪಕ್ಕದವಳು ಪೆನ್ಸಿಲ್ ತೆಗೆದು, ಸ್ಕೇಲ್ ಇಟ್ಟು, ಬೆಂಚಿನ ಗಡಿರೇಖೆಯ ಪಕ್ಕದಲ್ಲಿ ಅದಕ್ಕೆ ಸಮಾಂತರವಾಗಿ ಇನ್ನೊಂದು ಗೆರೆ ಎಳೆದಳು. ಆಚೆ ತನ್ನ 11, ಈಚೆ ನನ್ನ 11. ಏನೂ ಮಾತಾಡಲಿಲ್ಲ. ನನಗೆ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದೆ. ಸರ್ ನೀರು ಕುಡಿದು ಬರಲು ಹೇಳಿದರು.

ಆ ದಿನವೇ ಕೇಳಿದೆ, ನಾನು ಒಂಬತ್ತನೇ ತರಗತಿಯಲ್ಲಿ ಹೋಗಿ ಕುಳಿತ ವಿಷಯ ನಿನಗೆ ಗೊತ್ತಿತ್ತಲ್ಲವೇ ಎಂದು. “ಯಾವಾಗ?” ಎಂದಳು. ಅವಳಿಗೆ ತಿಳಿದೇ ಇರಲಿಲ್ಲ! ಎರಡು ವಾರ ನಾನು ತಲೆ ತಗ್ಗಿಸಿ ನಡೆದದ್ದು ದಂಡ. ಈಗ ನಾನೇ ಹೇಳಿಕೊಂಡೆನಲ್ಲ, ಗೊತ್ತಾಯಿತು. ಮಧ್ಯಾಹ್ನದವರೆಗೂ ನೆನೆಸಿಕೊಂಡು ನಕ್ಕಳು.

ಪ್ರಯೋಗಾಲಯದ ಮೊದಲ ತರಗತಿಯ ಬಗ್ಗೆ ಹೆಚ್ಚು ಹೇಳಲಾರೆ. ರಾಬರ್ಟ್ ಹುಕ್ ಬಿರಡೆಯ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ಪುಟ್ಟ ಗೂಡುಗಳನ್ನು ‘ಸೆಲ್’ ಎಂದು ಕರೆದು, 1665ರಲ್ಲಿ ಚಿತ್ರ ಸಮೇತ ಪ್ರಕಟಿಸಿದನೆಂದು ಮೇಡಂ ವಿವರಿಸಿದರು. ನಾನು ಕಣ್ಣಿಟ್ಟಾಗ ಉದ್ದುದ್ದ ಕಪ್ಪು ಗೆರೆಗಳು ಕಂಡವು. ಆಸ್ಥೆಯಿಂದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಲು ಹೊರಟಿದ್ದೆ. ಅವು ನನ್ನದೇ ರೆಪ್ಪೆಯ ಕೂದಲುಗಳಾಗಿದ್ದವು.

ಹೆಸರಿನ ವಿಷಯ ಇತ್ಯರ್ಥವಾದದ್ದು ಇಪ್ಪತ್ತಮೂರನೇ ದಿನ. ಕನ್ನಡ ಪೀರಿಯಡ್, ವರ್ಣಮಾಲೆ. ಇಪ್ಪತ್ತೈದು ವರ್ಗೀಯ ವ್ಯಂಜನಗಳು, ಅವುಗಳಲ್ಲಿ ಮಹಾಪ್ರಾಣ ಹತ್ತು. ಮೇಡಂ ಒಂದೊಂದಕ್ಕೂ ಒಂದು ಪದ ಕೇಳುತ್ತಾ ಬಂದರು. ಖಗ ಬಂತು, ಘಟ ಬಂತು, ಝರಿ ಬಂತು. ಥಕಾರ ದಾಟಿ ಧಕಾರಕ್ಕೆ ಬಂದಾಗ ನನ್ನ ಪಕ್ಕದವಳು ಎದ್ದು ನಿಂತಳು. ತಾನಾಗಿ ಒಮ್ಮೆಯೂ ಎದ್ದವಳಲ್ಲ.

“ಮೇಧಾ, ಮೇಡಂ” ಎಂದಳು. “ಇವಳ ಹೆಸರು. ಹಾಜರಿಯಲ್ಲಿ ತಪ್ಪಾಗಿದೆ.”

ನನ್ನ ನೋಟ್‌ಬುಕ್ಕಿನ ಚೀಟಿಯನ್ನು ಮೊದಲ ದಿನವೇ ಓದಿದ್ದಳಂತೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಹಾಜರಿ ಪುಸ್ತಕ ನೋಡಿದರು, ನನ್ನನ್ನು ನೋಡಿದರು. “ಇಷ್ಟು ದಿನ ಏಕಮ್ಮ ಸುಮ್ಮನಿದ್ದೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕೆಂಪು ಶಾಯಿಯ ಪೆನ್ನು ತೆಗೆದು, ಎಲ್ಲರ ಎದುರು, ದಕಾರದ ಹೊಟ್ಟೆ ಸೀಳಿದರು. ಹಿಂದಿನ ಬೆಂಚಿನವನು ಮಾತ್ರ ತನ್ನ ಪ್ರಶ್ನೆಯನ್ನು ಬಿಟ್ಟಿಲ್ಲ. ಈಗ “ಎಲ್ಲಿ ಮೇಧೆ?” ಎಂದು ಉಸಿರು ಕೊಟ್ಟು ಕೇಳುತ್ತಾನೆ. ವ್ಯಾಕರಣ ಶುದ್ಧವಾಗಿದೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಕ್ಕ ಇನ್ನೊಂದು ಅಧ್ಯಯನ ತೆಗೆದಳು. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬವರು ಸ್ನೇಹಕ್ಕೆ ಎಷ್ಟು ಗಂಟೆ ಬೇಕು ಎಂದು ಲೆಕ್ಕ ಹಾಕಿದ್ದಾರೆ. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನ ಎನ್ನಬಹುದಾದ ಗೆಳೆತನಕ್ಕೆ 90, ಆಪ್ತತೆಗೆ 200ಕ್ಕೂ ಹೆಚ್ಚು. ನಾನು ಕೂಡಲೇ ಪೆನ್ನು ಹಿಡಿದೆ. ದಿನಕ್ಕೆ ನಲವತ್ತು ನಿಮಿಷದ ಏಳು ಪೀರಿಯಡ್, ಹನ್ನೊಂದನೇ ದಿನಕ್ಕೇ 50 ಗಂಟೆ ಮುಗಿಯುತ್ತದೆ! “ಮೋಸ ಮಾಡಬೇಡ” ಎಂದಳು ಅಕ್ಕ. ಅಕ್ಕಪಕ್ಕ ಕುಳಿತು ಕೆಲಸ ಮಾಡಿದ ಹೊತ್ತಿಗೆ ಅಷ್ಟು ಬೆಲೆ ಇಲ್ಲವಂತೆ; ಬಿಡುವಿನಲ್ಲಿ, ಬೇಕೆಂದೇ, ಜೊತೆಗೆ ಕಳೆದ ಹೊತ್ತೇ ಮುಖ್ಯವಂತೆ. ಹಾಗಾದರೆ ಊಟದ ಬಿಡುವು ನಲವತ್ತು ನಿಮಿಷ, ಚಿಕ್ಕ ಬಿಡುವು ಹತ್ತು. ದಿನಕ್ಕೆ ಐವತ್ತು ನಿಮಿಷ. 50 ಗಂಟೆಗೆ ಸರಿಯಾಗಿ ಅರವತ್ತು ಶಾಲಾದಿನಗಳು. ನಕ್ಷೆಯ ಹಿಂಬದಿಯಲ್ಲಿ ದಿನಕ್ಕೊಂದು ಕಡ್ಡಿ ಗೀಚತೊಡಗಿದೆ. ಮಾತಿಲ್ಲದ ಒಂಬತ್ತು ದಿನಗಳನ್ನೂ ಸೇರಿಸಿಕೊಂಡೆ. ಅಕ್ಕನಿಗೆ ಹೇಳಲಿಲ್ಲ.

ನಲವತ್ತೊಂದನೇ ಕಡ್ಡಿಯ ದಿನ ಮೇಡಂ ಬಂದು, ಎಲ್ಲರೂ ಎಲ್ಲರೊಡನೆ ಬೆರೆಯಬೇಕು, ಇವತ್ತಿನಿಂದ ಜಾಗ ಬದಲು ಎಂದರು. ನನ್ನನ್ನು ಬಾಗಿಲ ಪಕ್ಕದ ಸಾಲಿಗೆ ಹಾಕಿದರು. ನನಗೆ ಬಂದ ಸಿಟ್ಟು ನೋಡಬೇಕಿತ್ತು. ನನ್ನ ಬೆಂಚು, ನನ್ನ ಕಿಟಕಿ, ನನ್ನ ಬಿಸಿಲು ಎಂದೆಲ್ಲ ಮನಸ್ಸಿನಲ್ಲೇ ವಾದ ಮಾಡಿದೆ. ಯಾವ ಬಿಸಿಲನ್ನು ಒಂಬತ್ತು ದಿನ ಬೈದಿದ್ದೆನೋ ಅದೇ ಬಿಸಿಲು.

ಹೊಸ ಬೆಂಚಿನ ಹುಡುಗಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹೊರಗಿನ ಗದ್ದಲ ನೇರ ಒಳಗೆ ಬರುತ್ತಿತ್ತು. “ಬಾಗಿಲು ಮುಚ್ಚಲೇ?” ಎಂದು ಕೇಳಿದೆ. “ಬೇಡ” ಎಂದಳು. “ಏಕೆ?” ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಹೇಳತೊಡಗಿದಳು.

ಅವಳು ಹೇಳುವುದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆಚೆ ಸಾಲಿನಲ್ಲಿ ನನ್ನ ಜಾಗಕ್ಕೆ ಬಂದವಳು, ಬಿಸಿಲು ಎಂದು, ಮೊದಲ ಪೀರಿಯಡ್ಡಿನಲ್ಲೇ ಕಿಟಕಿ ಮುಚ್ಚುತ್ತಿದ್ದಳು. ಮಧ್ಯಾಹ್ನ ಊಟದ ಗಂಟೆ ಬಾರಿಸಿದ್ದೇ ತಡ, ಹೋಗಿ ಅವಳಿಗೆ ಎರಡನೇ ಪೀರಿಯಡ್ಡಿನ ನಿಯಮ ವಿವರಿಸಿ ಬಂದೆ. ಆಮೇಲೆ ಎಂದಿನಂತೆ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಬಿಡುವಿನ ಲೆಕ್ಕಕ್ಕೆ ಬೆಂಚು ಬೇಕಿಲ್ಲ. ಇನ್ನೂ ಹತ್ತೊಂಬತ್ತು ಕಡ್ಡಿಗಳಿವೆ.